ವಾರ್ಧಕದ ವಸತಿನಿರ್ಣಯ

‘ನಿವೃತ್ತಿ’ ಎಂಬ ಶಬ್ದಕ್ಕೆ ಈಗ ಕನ್ನಡದಲ್ಲಿ ರೂಢವಾಗಿರುವ ಅರ್ಥವು ಹಳೆಯದಲ್ಲ. ಸಂಸ್ಕೃತಗ್ರಂಥಗಳಲ್ಲಿ ಈ ಪದವು ‘ಪ್ರವೃತ್ತಿ’ಗೆ ಪ್ರತಿಯೋಗಿಯಾಗಿ ಬರುತ್ತದೆ. ಮನುಸ್ಮೃತಿಯ ಹನ್ನೆರಡನೆಯ ಅಧ್ಯಾಯದಲ್ಲಿ ವೈದಿಕಕರ್ಮವನ್ನು ಪ್ರವೃತ್ತವೆಂದೂ ನಿವೃತ್ತವೆಂದೂ ಇಬ್ಬಗೆಯಾಗಿ ವಿಭಾಗಿಸಿ, ಇಹದಲ್ಲಾಗಲಿ ಪರದಲ್ಲಾಗಲಿ ಫಲವನ್ನು ಬಯಸಿ ಮಾಡುವುದು ಮೊದಲನೆಯದು, ಜ್ಞಾನಪೂರ್ವಕವಾಗಿ ನಿಷ್ಕಾಮವಾಗಿ ಮಾಡುವುದು ಎರಡನೆಯದು ಎಂದು ಹೇಳಿದೆ. ಸರ್ಕಾರದ ನೌಕರನೊಬ್ಬನು ೬೦ ವರ್ಷ ತುಂಬಿದೊಡನೆ ಹಾರ ಹಾಕಿಸಿಕೊಂಡು ಕಚೇರಿಯಿಂದ ಮನೆಗೆ ಬರುವುದಕ್ಕೂ ಈ ನಿವೃತ್ತಕರ್ಮಕ್ಕೂ ಇರುವ ಸಂಬಂಧ ಬಲು ತೆಳುವಾದುದು. ‘ನಿವೃತ್ತಿವೇತನ’ವೆಂಬ ಸಮಾಸವನ್ನಂತೂ ಹಳೆಯ ವೈಯಾಕರಣನ ಮುಂದಿಟ್ಟರೆ ಅವನು ನಗದೆ ಇರಲಾರನು, ಕರ್ಮದಿಂದ ಹಿಂದಿರುಗಿದವನಿಗೆ ಕೂಲಿ ಎಲ್ಲಿಯದು? ಜನರ ಬಾಯಲ್ಲಿ ನಿಂತಿರುವುದು ‘ಪಿಂಚಣಿ’ ಎಂಬ ಮಾತು. ತೂಗುವುದು, ತೂಗಿಕೊಡುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹೊರಟು, ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದು, ಇಲ್ಲಿಯ ನಾಲಗೆಗೆ ಒಗ್ಗಿ, ಈಗ ತದ್ಭವವೋ ದೇಶ್ಯವೋ ಎಂದು ಸಂಶಯ ಹುಟ್ಟುವಷ್ಟು ನಮ್ಮದಾಗಿಬಿಟ್ಟಿದೆ.

ಶಬ್ದಗಳು ಹೀಗೆ ಬೇರೆಯಾದರೂ, ವಾನಪ್ರಸ್ಥನಿಗೂ ಪಿಂಚಣಿದಾರನಿಗೂ ಸಮಾನವಾಗಿರುವ ಪ್ರಶ್ನೆಯೊಂದುಂಟು: ಇನ್ನು ಮುಂದೆ ಎಲ್ಲಿ ವಾಸಮಾಡಬೇಕು? ಗೃಹಸ್ಥನಾಗಿದ್ದಾಗ ಈ ಪ್ರಶ್ನೆಯನ್ನು ಅವನ ಪರವಾಗಿ ಹೊಲವೋ, ಒಡೆಯನೋ, ಕಚೇರಿಯೋ ಉತ್ತರಿಸಿರುತ್ತದೆ. ಕೆಲಸ ಬಿಟ್ಟ ದಿನ ಮಾತ್ರ ಅವನು ತನ್ನ ನೆಲೆಯನ್ನು ತಾನೇ ಆರಿಸಿಕೊಳ್ಳಬೇಕಾಗುತ್ತದೆ. ಬೆಂಗಳೂರಿನ ಹೊರವಲಯಗಳಾದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಈ ಪ್ರಶ್ನೆ ಇಂದು ಮನೆಮನೆಯಲ್ಲಿ ಕೇಳಿಬರುತ್ತಿದೆ. ಇವುಗಳಲ್ಲಿ ಒಂದಾದ ವೈಟ್‌ಫೀಲ್ಡು ಹಿಂದೊಮ್ಮೆ ಪಿಂಚಣಿದಾರರ ಊರೇ ಆಗಿದ್ದುದರಿಂದ, ವಿಷಯವನ್ನು ಗ್ರಂಥಗಳಿಂದ ಮಾತ್ರವಲ್ಲದೆ ಚರಿತ್ರೆಯಿಂದಲೂ ಪರೀಕ್ಷಿಸುವುದಕ್ಕೆ ಅವಕಾಶವಿದೆ.

ಮೊದಲು ಶಾಸ್ತ್ರವನ್ನು ನೋಡಬೇಕು. ತನ್ನ ಮೈಯಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ, ಮಗನಿಗೆ ಮಗನು ಹುಟ್ಟಿದುದನ್ನೂ ಗೃಹಸ್ಥನು ಎಂದು ಕಾಣುವನೋ ಅಂದು ಅವನು ಅರಣ್ಯವನ್ನು ಆಶ್ರಯಿಸತಕ್ಕದ್ದೆಂದು ಮನುವು ಆರನೆಯ ಅಧ್ಯಾಯದ ಮೊದಲಲ್ಲಿಯೇ ವಿಧಿಸಿದ್ದಾನೆ. ಸಾಮಾನ್ಯವಾಗಿ ವಿದ್ಯಾರ್ಥಿಗಳಿಗೆ ಪಾಠವಾಗುವುದು ಇಷ್ಟೇ. ಆದರೆ ಅದೇ ಗ್ರಂಥದಲ್ಲಿ ಬೇರೆ ಮಾರ್ಗವೂ ಹೇಳಲ್ಪಟ್ಟಿದೆಯೆಂಬುದನ್ನು ಪಾಠ ಹೇಳುವವರೂ ಬಹುವೇಳೆ ಮರೆಯುತ್ತಾರೆ. ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ, ಋಷಿಗಳಿಗೂ ಪಿತೃಗಳಿಗೂ ದೇವತೆಗಳಿಗೂ ಸಲ್ಲಬೇಕಾದ ಋಣವನ್ನು ತೀರಿಸಿದವನು ಎಲ್ಲವನ್ನೂ ಮಗನಿಗೆ ಒಪ್ಪಿಸಿ, ಮಧ್ಯಸ್ಥಭಾವದಿಂದ ಮನೆಯಲ್ಲಿಯೇ ಇರಬಹುದೆಂದಿದೆ. ಆರನೆಯ ಅಧ್ಯಾಯದ ಕೊನೆಯಲ್ಲಿಯೂ ಮಗನ ಐಶ್ವರ್ಯದಲ್ಲಿ ಸುಖವಾಗಿ ವಾಸಿಸುವ ವೇದಸಂನ್ಯಾಸಿಕನ ಪ್ರಸ್ತಾಪ ಬರುತ್ತದೆ. ಆದುದರಿಂದ ಕಾಡಿಗೆ ಹೋಗುವುದೊಂದೇ ನಮ್ಮ ಪೂರ್ವಿಕರ ಮತವಾಗಿತ್ತೆಂದು ಹೇಳುವುದು ಗ್ರಂಥಕ್ಕೆ ಅನ್ಯಾಯ ಮಾಡಿದಂತೆ. ಮೇಲಾಗಿ, ಕಾಲಾಂತರದಲ್ಲಿ ನಿಬಂಧಕಾರರು ಬೃಹನ್ನಾರದೀಯವಚನವನ್ನು ಆಧಾರವಾಗಿಟ್ಟುಕೊಂಡು ವಾನಪ್ರಸ್ಥಾಶ್ರಮವನ್ನೇ ಕಲಿವರ್ಜ್ಯಗಳ ಪಟ್ಟಿಯಲ್ಲಿ ಸೇರಿಸಿದರು. ಸಮುದ್ರಯಾನವನ್ನು ನಿಷೇಧಿಸಿದ ವಚನವನ್ನು ಹಿಡಿದು ಇಪ್ಪತ್ತನೆಯ ಶತಮಾನದಲ್ಲಿಯೂ ವಾದಗಳು ನಡೆದುವು. ಅದೇ ಪಟ್ಟಿಯಲ್ಲಿದ್ದ ಕಾಡಿನ ನಿಷೇಧದ ಬಗ್ಗೆ ಮಾತ್ರ ಯಾರೂ ವ್ಯಾಜ್ಯವಾಡಿದಂತೆ ತೋರದು. ಕಾಡಿಗೆ ಹೋಗಬೇಡವೆಂದರೆ ಬೇಸರಪಡುವವರು ಕಡಮೆಯಿರಬೇಕು.

ಅರ್ಥಶಾಸ್ತ್ರಕಾರನ ದೃಷ್ಟಿ ಇನ್ನೊಂದು ಬಗೆಯದು. ಹೆಂಡತಿಮಕ್ಕಳಿಗೆ ಜೀವನೋಪಾಯವನ್ನು ಏರ್ಪಡಿಸದೆ ಮನೆಬಿಟ್ಟು ಹೋಗುವವನಿಗೆ ಕೌಟಿಲ್ಯನು ಪೂರ್ವಸಾಹಸದಂಡವನ್ನು ವಿಧಿಸುತ್ತಾನೆ. ಹೊಸದಾಗಿ ನೆಲೆಗೊಳಿಸಿದ ಜನಪದದಲ್ಲಿ ವಾನಪ್ರಸ್ಥನನ್ನುಳಿದು ಬೇರೆ ಪ್ರವ್ರಜಿತರಿಗೆ ಎಡೆಗೊಡಬಾರದೆಂದೂ ಹೇಳುತ್ತಾನೆ. ಮುಪ್ಪಿನ ವಸತಿಯು ವ್ಯಕ್ತಿಯ ಮೋಕ್ಷವಿಚಾರ ಮಾತ್ರವಲ್ಲ, ಅದು ಉಳಿದವರ ಅನ್ನದ ವಿಚಾರ, ಊರಿನ ವಿಚಾರವೂ ಹೌದೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ.

ಇನ್ನು ಕಾವ್ಯೇತಿಹಾಸಗಳಿಗೆ ಬರೋಣ. ವೃದ್ಧನು ಮನೆಯನ್ನು ಏಕೆ ಬಿಡುತ್ತಾನೆಂಬುದನ್ನು ಮಹಾಭಾರತದ ಆಶ್ರಮವಾಸಿಕಪರ್ವದಷ್ಟು ನಿಷ್ಠುರವಾಗಿ ತೋರಿಸಿದ ಗ್ರಂಥ ಇನ್ನೊಂದಿಲ್ಲ. ಕನ್ನಡ ವಾಚಕರಿಗೆ ಈ ಪರ್ವದ ಪರಿಚಯ ಅಷ್ಟಾಗಿ ಇಲ್ಲ. ಪಂಪನ ಕಾವ್ಯವು ಅರ್ಜುನನ ಪಟ್ಟಾಭಿಷೇಕದಲ್ಲಿ ನಿಲ್ಲುತ್ತದೆ. ಕುಮಾರವ್ಯಾಸನು ಹತ್ತು ಪರ್ವಗಳನ್ನು ಮಾತ್ರ ರಚಿಸಿದನು. ಉಳಿದವನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿಯು ಪೂರೈಸಿದನಾದರೂ, ಗಮಕಿಗಳು ಗದಾಪರ್ವವನ್ನು ದಾಟಿ ಮುಂದೆ ಹೋಗುವುದು ಅಪೂರ್ವ.

ಯುದ್ಧವಾದ ಮೇಲೆ ಧೃತರಾಷ್ಟ್ರನು ೧೫ ವರ್ಷಕಾಲ ಯುಧಿಷ್ಠಿರನ ಅರಮನೆಯಲ್ಲಿಯೇ ಇದ್ದನು. ಉಪಚಾರಕ್ಕೆ ಲೋಪವಿರಲಿಲ್ಲ, ಅಡುಗೆಯವರು, ಹಾಸಿಗೆ, ವಸ್ತ್ರ, ದಾನಕ್ಕೆ ಬೇಕಾದ ಹಣ ಎಲ್ಲವೂ ಮೊದಲಿನಂತೆಯೇ ಒದಗುತ್ತಿದ್ದುವು. ಯುಧಿಷ್ಠಿರನ ಮಾತಿನಲ್ಲಿ ಎಂದೂ ಕಹಿಯಿಲ್ಲ. ಹೀಗಿದ್ದರೂ ಭೀಮನೊಬ್ಬನು ಮಾತ್ರ ಹಳೆಯದನ್ನು ಮರೆಯಲಾರದೆ, ಅಣ್ಣನಿಗೆ ತಿಳಿಯದಂತೆ, ಮುದುಕನ ಕಿವಿಗೆ ಬೀಳುವಂತೆ ತನ್ನ ತೋಳುಗಳನ್ನು ತಟ್ಟಿಕೊಂಡು, ಕುರುಡನ ಮಕ್ಕಳನ್ನು ಈ ತೋಳುಗಳೇ ಕೊಂದುವೆಂದು ಆಡಿಕೊಳ್ಳುತ್ತಿದ್ದನು. ಧೃತರಾಷ್ಟ್ರನು ದೂರು ಹೇಳಲಿಲ್ಲ. ಗುಟ್ಟಾಗಿ ಊಟವನ್ನು ಕಡಮೆಮಾಡಿದನು, ನೆಲದ ಮೇಲೆ ಮಲಗತೊಡಗಿದನು. ಈ ಸಂಗತಿ ಗಾಂಧಾರಿಯೊಬ್ಬಳಿಗೆ ಗೊತ್ತು. ಕೊನೆಗೆ ಕಾಡಿಗೆ ಹೋಗಲು ಅಪ್ಪಣೆ ಬೇಡಿದಾಗ ಯುಧಿಷ್ಠಿರನು, ತನ್ನ ಮನೆಯಲ್ಲಿ ದೊಡ್ಡಪ್ಪನು ಉಪವಾಸದಿಂದಿದ್ದುದು ತನಗೇ ತಿಳಿಯದೆ ಹೋಯಿತಲ್ಲಾ ಎಂದು ಪರಿತಪಿಸುತ್ತಾನೆ. ಹೊರಡುವ ಮುನ್ನ ಶ್ರಾದ್ಧಕ್ಕೆಂದು ಮುದುಕನು ಹಣ ಕೇಳಿಸಿದಾಗಲೂ ಭೀಮನು ಅಡ್ಡಿಯಾಡಿದನು, ಯುಧಿಷ್ಠಿರಾರ್ಜುನರು ಕೊಟ್ಟರು.

ಈ ಕಥೆಯ ತಥ್ಯವೇನೆಂದರೆ, ಸೌಕರ್ಯದ ಕೊರತೆಯಿಂದ ಯಾರೂ ಇಲ್ಲಿ ಮನೆಬಿಡಲಿಲ್ಲ. ಪರಾಧೀನತೆಯನ್ನು ನೆನಪಿಗೆ ತರುವ ಮಾತೊಂದು ದಿನದಿನವೂ ಕಿವಿಗೆ ಬಿದ್ದುದೇ ಕಾರಣ. ಅಲ್ಲದೆ, ಕಾಡೂ ಅವನನ್ನು ಕಾಪಾಡಲಿಲ್ಲ. ಕುರುಕ್ಷೇತ್ರದ ಶತಯೂಪಾಶ್ರಮದ ವಾಸವಾದ ಮೇಲೆ ಗಂಗಾದ್ವಾರದ ಕಡೆಗೆ ಹೋಗಿದ್ದ ಧೃತರಾಷ್ಟ್ರ, ಗಾಂಧಾರಿ, ಕುಂತಿಯರು ಕಾಳ್ಗಿಚ್ಚಿಗೆ ಸಿಕ್ಕಿ ತೀರಿಕೊಂಡರೆಂದೂ, ಆ ಬೆಂಕಿ ಯಾಜಕರು ಬಿಟ್ಟುಹೋದ ಅವನದೇ ಅಗ್ನಿಹೋತ್ರದ ಬೆಂಕಿಯೆಂದೂ ನಾರದನು ಬಂದು ಹೇಳುತ್ತಾನೆ. ಓಡುವುದಕ್ಕೆ ಕಾಲಿನಲ್ಲಿ ಶಕ್ತಿಯಿರಲಿಲ್ಲ. ಎತ್ತಿಕೊಂಡು ಹೋಗುವ ಎಳೆಯರು ಹತ್ತಿರದಲ್ಲಿರಲಿಲ್ಲ. ದೂರದ ಏಕಾಂತವನ್ನು ಹೊಗಳುವವರು ಈ ಅಧ್ಯಾಯವನ್ನೊಮ್ಮೆ ಓದಿ ನೋಡುವುದು ಯುಕ್ತ.

ಕಾಳಿದಾಸನು ರಘುವಂಶದ ಎಂಟನೆಯ ಸರ್ಗದಲ್ಲಿ ಮೂರನೆಯ ಮಾರ್ಗವೊಂದನ್ನು ಸೂಚಿಸಿದ್ದಾನೆ. ಅಜನಿಗೆ ಪಟ್ಟಕಟ್ಟಿ ರಘುವು ಕಾಡಿಗೆ ಹೊರಡಲು ಸಿದ್ಧನಾದಾಗ ಮಗನು ಕಾಲಿಗೆರಗಿ ಕಣ್ಣೀರಿಟ್ಟು ಬಿಟ್ಟುಹೋಗಬಾರದೆಂದು ಬೇಡಿಕೊಂಡನು. ಪುತ್ರವತ್ಸಲನಾದ ರಘುವು ಮಗನ ಮಾತನ್ನು ನಡೆಸಿದನು. ಆದರೆ ಹಾವು ಕಳಚಿದ ಪೊರೆಯನ್ನು ಮತ್ತೆ ತೊಡದಂತೆ, ಬಿಟ್ಟ ರಾಜ್ಯವನ್ನು ಮತ್ತೆ ಮುಟ್ಟಲಿಲ್ಲ. ಅವನು ವಾಸಮಾಡಿದುದು ಪಟ್ಟಣದ ಹೊರಗಿನ ಒಂದು ಬಿಡಾರದಲ್ಲಿ. ಕಾಡಲ್ಲ, ಅರಮನೆಯೂ ಅಲ್ಲ. ಮಗನು ಬಂದು ನೋಡಿಹೋಗುವಷ್ಟು ಹತ್ತಿರ, ಆಡಳಿತದಲ್ಲಿ ಕೈಹಾಕಲಾರದಷ್ಟು ದೂರ. ಮಗನ ಅನುಭವಕ್ಕೆ ಸೇರಿದ ರಾಜ್ಯಲಕ್ಷ್ಮಿಯು ಆತನಿಗೆ ಸೊಸೆಯಂತೆ ಪರಿಚರ್ಯೆ ಮಾಡಿದಳೆಂದು ಕವಿಯು ವರ್ಣಿಸಿರುವುದರಲ್ಲಿ ಔಚಿತ್ಯವಿದೆ. ಹಣವು ಯಾರದೆಂಬುದರಲ್ಲಿ ಸಂದೇಹವಿಲ್ಲ. ಅದರಿಂದ ಸೇವೆ ಪಡೆಯುವುದರಲ್ಲಿ ಸಂಕೋಚವೂ ಇಲ್ಲ. ‘ಪುರದ ಹೊರಗೆ’ ಎಂಬ ಆ ನೆಲೆಯು ಎಷ್ಟು ಗಾವುದ ದೂರವಿತ್ತೆಂದು ಕವಿ ಹೇಳಲಿಲ್ಲವೆಂಬುದೊಂದೇ ಕೊರತೆ.

ಪ್ರಸಂಗವಶಾತ್ ಇಲ್ಲಿ ಒಂದು ಮಾತು. ಈ ಎಲ್ಲ ನಿರ್ಣಯಗಳಲ್ಲಿ ಪತ್ನಿಯ ಅಭಿಪ್ರಾಯಕ್ಕೆ ಎಡೆ ಬಲು ಸಣ್ಣದು. ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯಾದರೂ, ಇಲ್ಲವೆ ಜತೆಗೆ ಕರೆದುಕೊಂಡಾದರೂ ವನಕ್ಕೆ ಹೋಗತಕ್ಕದ್ದೆಂದು ಮನುವು ಹೇಳುವಾಗ ಆರಿಸುವವನು ಗಂಡನೇ. ಬೃಹದಾರಣ್ಯಕದಲ್ಲಿ ಮನೆಬಿಡಲು ಹೊರಟ ಯಾಜ್ಞವಲ್ಕ್ಯನೊಡನೆ ಮೈತ್ರೇಯಿಯು ನಡೆಸಿದ ಸಂವಾದವನ್ನು ಲೋಕವೇ ಬಲ್ಲದು. ಮನೆಯಲ್ಲಿ ಉಳಿಯಬೇಕಾಗಿದ್ದ ಕಾತ್ಯಾಯನಿಯನ್ನು ಮಾತ್ರ ಏನು ಬೇಕೆಂದು ಯಾರೂ ಕೇಳಲಿಲ್ಲ. ಬಹುಮಟ್ಟಿಗೆ ಗಂಡಂದಿರಿಗಿಂತ ಹೆಚ್ಚುಕಾಲ ಬದುಕಿ, ಆರಿಸಿದ ಮನೆಯಲ್ಲಿ ಒಬ್ಬಳೇ ಉಳಿಯುವವಳು ಹೆಂಡತಿ. ಹಾಗಿರುವುದರಿಂದ ವಸತಿನಿರ್ಣಯವು ಮೊದಲು ಅವಳದಾಗತಕ್ಕದ್ದು. ಕುಂತಿಯೊಬ್ಬಳು ಇದಕ್ಕೆ ಅಪವಾದ. ಐವರು ಮಕ್ಕಳು ಬೇಡಿಕೊಂಡರೂ ಅವಳು ಗೆದ್ದ ಮಕ್ಕಳ ಅರಮನೆಯಲ್ಲಿ ನಿಲ್ಲಲೊಲ್ಲದೆ ಹೊರಟಳು.

ಇನ್ನು ಬೆಂಗಳೂರಿನ ವಿಚಾರ. ಸಮುದ್ರಮಟ್ಟಕ್ಕಿಂತ ಸುಮಾರು ೩೦೦೦ ಅಡಿ ಎತ್ತರದಲ್ಲಿರುವ ಈ ನಗರದ ಹವೆಯು ಹಿತವಾಗಿದ್ದುದೇ ಅದಕ್ಕೆ ‘ಪಿಂಚಣಿದಾರರ ಸ್ವರ್ಗ’ವೆಂಬ ಹೆಸರನ್ನು ತಂದಿತು. ೧೮೦೯ರಲ್ಲಿ ಶ್ರೀರಂಗಪಟ್ಟಣದಿಂದ ಇಂಗ್ಲಿಷರ ಸೈನ್ಯವು ಬಂದು ದಂಡುಪ್ರದೇಶ ಏರ್ಪಟ್ಟ ಮೇಲೆ ವಿರಾಮಹೊಂದಿದ ಅಧಿಕಾರಿಗಳು ಇಲ್ಲಿಯೇ ನೆಲಸುವುದು ವಾಡಿಕೆಯಾಯಿತು. ೧೮೯೮ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಸಂಸ್ಥಾನದ ನೌಕರರು ಮನೆ ಕಟ್ಟಿಕೊಂಡರು. ಬೆಳಗಿನ ತಿರುಗಾಟ, ದೇವಸ್ಥಾನದ ಜಗಲಿ, ಸಾಯಂಕಾಲದ ಗಮಕ, ಹೀಗೆ ಆ ಬಡಾವಣೆಗಳ ಬಾಳು ಹಳೆಯ ಕನ್ನಡ ಕಥೆಗಳ ಓದುಗರಿಗೆ ಪರಿಚಿತವೇ ಆಗಿದೆ.

ವೈಟ್‌ಫೀಲ್ಡಿನ ಹುಟ್ಟು ಬೇರೆ ಬಗೆಯದು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಇಂಗ್ಲಿಷರಿಂದ ಮರಳಿ ಅರಸುಮನೆತನಕ್ಕೆ ಬಂದಿತಷ್ಟೆ. ಮರುವರ್ಷವೇ, ಎಂದರೆ ೧೮೮೨ರಲ್ಲಿ, ಚಾಮರಾಜೇಂದ್ರ ಒಡೆಯರವರು ಮೈಸೂರು ಮತ್ತು ಕೊಡಗಿನ ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ನಗರದಿಂದ ಪೂರ್ವದ ಕಡೆಗೆ ಸುಮಾರು ೩೯೦೦ ಎಕರೆ ನೆಲವನ್ನು ದಯಪಾಲಿಸಿದರು. ಆ ಸಂಘಚಳವಳಿಯ ಮೂಲಪುರುಷನಾದ ಡಿ. ಎಸ್. ವೈಟ್ ಎಂಬಾತನ ಹೆಸರೇ ಊರಿಗೆ ನಿಂತಿತು. ಸರ್ಕಾರದ ಚಾಕರಿಯೊಂದನ್ನೇ ನಂಬಿದ್ದ ಸಮುದಾಯವು ಇನ್ನು ಮುಂದೆ ನೆಲವನ್ನು ನಂಬಿ ಸ್ವತಂತ್ರವಾಗಿ ಬಾಳಲೆಂಬುದು ವೈಟನ ಸಂಕಲ್ಪ. ಊರ ನಡುವೆ ಒಂದು ವೃತ್ತಾಕಾರದ ಬಯಲು, ಅದರ ಸುತ್ತ ಮನೆಗಳು, ಅವುಗಳಾಚೆ ಹೊರವೃತ್ತ, ಅದಕ್ಕೂ ಆಚೆ ಸಾಗುವಳಿಯ ನೆಲ, ಹೀಗೆ ಅಚ್ಚುಕಟ್ಟಾದ ವಿನ್ಯಾಸವನ್ನು ಹಾಕಿಕೊಂಡರು. ‘ಇನ್ನರ್ ಸರ್ಕಲ್’ ಎಂಬ ಹೆಸರು ಇಂದಿಗೂ ಅಳಿದಿಲ್ಲ. ೧೮೬೪ರಲ್ಲಿಯೇ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದಿದ್ದುದರಿಂದ ಹತ್ತಿರದ ಕಾಡುಗೋಡಿಯ ಬಳಿ ನಿಲ್ದಾಣದ ಅನುಕೂಲವೂ ಇತ್ತು. ಅಲ್ಲಿಯ ವೇವರ್ಲಿ ಇನ್ ಎಂಬ ಪಥಿಕಾಶ್ರಮದ ಮಾಲಿಕನ ಮಗಳನ್ನು ನೋಡಲು ಚರ್ಚಿಲ್ಲನು ದಂಡಿನಿಂದ ಬರುತ್ತಿದ್ದನೆಂಬ ಐತಿಹ್ಯವನ್ನು ಊರಿನವರು ಅಭಿಮಾನದಿಂದ ಹೇಳುವರು, ಅದಕ್ಕೆ ಪ್ರಮಾಣವಿಲ್ಲ.

ಸಂಕಲ್ಪವು ಕೃಷಿಯದಾಗಿದ್ದರೂ ಊರು ಬೆಳೆದುದು ಪಿಂಚಣಿದಾರರ ವಸತಿಯಾಗಿ. ಕೊಳ್ಳೇಗಾಲದಿಂದ ಕೋಲಾರದವರೆಗೆ ಬಯಲುಸೀಮೆಯ ಒಕ್ಕಲಿಗನು ತಲೆಮಾರುಗಳಿಂದ ಕಲಿತ ಒಣಬೇಸಾಯವನ್ನು ರೈಲಿನ ಗಾರ್ಡನೋ ತಂತಿಕಚೇರಿಯ ಗುಮಾಸ್ತೆಯೋ ಐವತ್ತೈದನೆಯ ವಯಸ್ಸಿನಲ್ಲಿ ಕಲಿಯುವುದು ಸುಲಭವಲ್ಲ. ರೈಲ್ವೆಯಿಂದಲೂ ಕೋಲಾರದ ಚಿನ್ನದ ಗಣಿಗಳಿಂದಲೂ ವಿರಾಮಹೊಂದಿದವರು ಹೆಂಚಿನ ಮನೆ ಕಟ್ಟಿ, ಹಣ್ಣಿನ ಗಿಡ ನೆಟ್ಟು, ಕೋಳಿ ಸಾಕಿ, ಭಾನುವಾರ ಇಗರ್ಜಿಗೆ ಹೋಗಿಬಂದು ಕಾಲಕಳೆದರು. ಇದೂ ಒಂದು ವಾನಪ್ರಸ್ಥವೇ. ಸುಖವಾಗಿಯೇ ಇತ್ತೆಂದು ಕೇಳಿಬರುತ್ತದೆ. ಆದರೆ ಎಳೆಯರಿಗೆ ಅಲ್ಲಿ ಜೀವನೋಪಾಯವಿರಲಿಲ್ಲ. ಅವರು ದಂಡಿಗೂ ಮದರಾಸಿಗೂ ಹೋದರು. ೧೯೪೭ರ ತರುವಾಯ ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಕೆನಡಕ್ಕೂ ವಲಸೆಹೋದವರು ಅನೇಕರು. ಮನೆಗಳು ಒಂದೊಂದಾಗಿ ಕೈಬದಲಾಯಿಸಿದುವು. ೧೯೩೩ರಲ್ಲಿ ಅರ್ನೆಸ್ಟ್ ಟಿಮೋತಿ ಮ್ಯಾಕ್‌ಕ್ಲಸ್ಕಿ ಎಂಬಾತನು ಇಂದಿನ ಜಾರ್ಖಂಡದಲ್ಲಿ ಅದೇ ಸಮುದಾಯಕ್ಕಾಗಿ ಸ್ಥಾಪಿಸಿದ ಮ್ಯಾಕ್‌ಕ್ಲಸ್ಕಿಗಂಜಿನ ಗತಿಯೂ ಹೀಗೆಯೇ ಆಯಿತು. ಎರಡು ಊರುಗಳೂ ಒಂದೇ ಬಗೆಯ ಜನಕ್ಕೆಂದು ಏರ್ಪಟ್ಟು, ಬರುಬರುತ್ತ ಒಂದೇ ವಯಸ್ಸಿನವರ ಪಾಲಾದುವು. ಮಗುವಿನ ಅಳು ಕೇಳದ ಊರು ಎರಡನೆಯ ತಲೆಮಾರಿಗೆ ತಲಪುವುದು ಕಷ್ಟ.

ವೈಟ್‌ಫೀಲ್ಡಿನ ಈ ಚರಿತ್ರೆಯನ್ನು ತಿಳಿಯದೆಯೇ ಈಗ ಬೆಂಗಳೂರಿನ ಸುತ್ತ ವೃದ್ಧರಿಗಾಗಿಯೇ ಗೋಡೆ ಕಟ್ಟಿದ ವಸತಿಸಮುಚ್ಚಯಗಳು ಏಳುತ್ತಿವೆ. ಅವುಗಳಲ್ಲಿ ಗುಣವಿಲ್ಲವೆಂದಲ್ಲ. ಮೆಟ್ಟಿಲಿಲ್ಲದ ದಾರಿ, ಸ್ನಾನದ ಮನೆಯಲ್ಲಿ ಹಿಡಿಕಂಬಿ, ಕರೆದರೆ ಬರುವ ದಾದಿ, ಇವು ಕಾಲುಜಾರಿ ಬಿದ್ದ ಅನುಭವವಿರುವವರಿಗೆ ಸಣ್ಣ ವಿಷಯಗಳಲ್ಲ. ಇಂಥ ವಸತಿಗಳ ನಿರ್ಮಾಣ ಮತ್ತು ನಿಯಂತ್ರಣಕ್ಕಾಗಿ ಕೇಂದ್ರಸರ್ಕಾರದ ವಸತಿಸಚಿವಾಲಯವು ೨೦೧೯ರಲ್ಲಿ ಮಾದರಿ ಸೂತ್ರಗಳನ್ನು ಪ್ರಕಟಿಸಿದೆ. ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯೂ ಕೊಳ್ಳುವವರಿಗೆ ರಕ್ಷೆಯಾಗಿದೆ. ಆದರೆ ಮನೆಯ ಕ್ರಯಕ್ಕಿಂತ ಹೆಚ್ಚಾಗಿ ವಿಚಾರಿಸತಕ್ಕದ್ದು ತಿಂಗಳು ತಿಂಗಳೂ ಕೊಡಬೇಕಾದ ನಿರ್ವಹಣಾಶುಲ್ಕವನ್ನು. ಅದು ವರ್ಷೇ ವರ್ಷೇ ಏರುವುದು. ಪಿಂಚಣಿ ಹಾಗೆ ಏರುವುದೆಂಬ ಭರವಸೆ ಎಲ್ಲರಿಗೂ ಇಲ್ಲ. ಕರ್ನಾಟಕ ಸರ್ಕಾರದ ಸೇವೆಗೆ ೨೦೦೬ರ ಏಪ್ರಿಲ್ ೧ರಂದು ಅಥವಾ ಆಮೇಲೆ ಸೇರಿದವರಿಗೆ ಅನ್ವಯಿಸಿದ ಹೊಸ ಪಿಂಚಣಿಯೋಜನೆಯಲ್ಲಿ ಮೊಬಲಗು ಮೊದಲೇ ಗೊತ್ತಾದುದಲ್ಲ, ಕೂಡಿಟ್ಟ ಹಣದ ಬೆಳವಣಿಗೆಯನ್ನು ಅವಲಂಬಿಸಿದುದು.

ಹೊರವಲಯದ ಊರುಗಳ ಹೆಸರುಗಳಲ್ಲಿ ಪಂಡಿತರ ಮನಸ್ಸನ್ನು ಸೆಳೆಯುವ ಸಂಗತಿಯೊಂದಿದೆ. ೧೯೯೪ರಲ್ಲಿ ಸಿಂಗಪುರದ ಸಹಯೋಗದಿಂದ ಮೊದಲಾದ ತಂತ್ರಜ್ಞಾನೋದ್ಯಾನದ ನೆಲ ಪಟ್ಟಂದೂರು ಅಗ್ರಹಾರ; ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ೩೩೨ ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಏರ್ಪಡಿಸಿದುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ. ಕಾಡುಗೋಡಿಯಲ್ಲಿ ದೊರೆತ ರಾಜೇಂದ್ರಚೋಳನ ಕಾಲದ, ಹನ್ನೊಂದನೆಯ ಶತಮಾನದ ತಮಿಳು ಶಾಸನವು ಪಟ್ಟಂದೂರಿನ ಕೆರೆಯ ನಿರ್ಮಾಣವನ್ನು ತಿಳಿಸುತ್ತದೆ. ಅಗ್ರಹಾರವೆಂದರೆ ವಿರಾಮಸ್ಥಾನವೆಂದು ಕೆಲವರು ಭಾವಿಸುವುದುಂಟು, ಅದು ಸರಿಯಲ್ಲ. ಅಧ್ಯಯನಾಧ್ಯಾಪನಗಳು ನಡೆಯಲೆಂದು ಕೊಟ್ಟ ವೃತ್ತಿಯ ಊರು ಅದು. ಅಲ್ಲಿ ಬಾಲಕರೂ ಇದ್ದರು, ವೃದ್ಧರೂ ಇದ್ದರು, ಪಾಠ ಹೇಳುವ ಶಕ್ತಿಯಿರುವ ತನಕ ವೃದ್ಧನಿಗೆ ಕೆಲಸವಿತ್ತು. ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಮರೆಯಬಾರದು. ಆದರೂ ಊರಿಗೆ ಮುಂಚೆ ಕೆರೆ ಬೇಕೆಂಬುದನ್ನು ಅಂದಿನವರು ಅರಿತಿದ್ದರು.

ಆ ಅರಿವು ಈಚೆಗೆ ತಪ್ಪಿತು. ೨೦೨೪ರ ಬೇಸಗೆಯಲ್ಲಿ ನಗರದ ಹೊರವಲಯದ ಕೊಳವೆಬಾವಿಗಳು ಬತ್ತಿ, ದೊಡ್ಡ ದೊಡ್ಡ ಸಮುಚ್ಚಯಗಳವರೂ ಟ್ಯಾಂಕರಿನ ದಾರಿಯನ್ನು ಕಾಯುವಂತಾಯಿತು. ಹತ್ತನೆಯ ಮಹಡಿಯಲ್ಲಿರುವ ಎಪ್ಪತ್ತು ವರ್ಷದ ಮುದುಕಿ ಕೊಡ ಹಿಡಿದು ಇಳಿಯಲಾರಳು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ಯೋಜನೆ ನೆರವೇರಿ, ಹಿಂದೆ ನಗರಕ್ಕೆ ಸೇರಿಸಿದ್ದ ೧೧೦ ಹಳ್ಳಿಗಳಿಗಾಗಿ ದಿನಕ್ಕೆ ೭೭೫ ದಶಲಕ್ಷ ಲೀಟರು ನೀರನ್ನು ತರುವ ಏರ್ಪಾಡಾಯಿತು. ಹೀಗಿದ್ದರೂ ಮನೆ ಆರಿಸುವವರು ಆ ನಿರ್ದಿಷ್ಟ ಕಟ್ಟಡಕ್ಕೆ ಕಾವೇರಿಯ ಕೊಳಾಯಿ ಬಂದಿದೆಯೇ ಎಂಬುದನ್ನು ಕೇಳದೆ ಮುಂಗಡ ಕೊಡಬಾರದು. ಸಂಚಾರದಲ್ಲಿ ಮಾತ್ರ ಸ್ಥಿತಿ ಸುಧಾರಿಸಿದೆ. ಪೀಣ್ಯಕ್ಕೆ ೨೦೧೪ರಲ್ಲಿಯೂ, ಕಾಡುಗೋಡಿಯಿಂದ ಕೃಷ್ಣರಾಜಪುರಕ್ಕೆ ೨೦೨೩ರ ಮಾರ್ಚಿಯಲ್ಲಿಯೂ, ಅದೇ ಅಕ್ಟೋಬರಿನಿಂದ ಅಲ್ಲಿಂದ ಮುಂದಕ್ಕೆ ನಗರದ ನಡುವಿಗೂ, ೨೦೨೫ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೋ ರೈಲು ಬಂದಿತು. ವೈಟ್‌ಫೀಲ್ಡಿನಲ್ಲಿ ೨೦೦೧ರಿಂದ ಹೃದಯ ಮೊದಲಾದ ಕಾಯಿಲೆಗಳಿಗೆ ಹಣ ತೆಗೆದುಕೊಳ್ಳದೆ ಚಿಕಿತ್ಸೆಮಾಡುವ ಸತ್ಯಸಾಯಿ ವೈದ್ಯಸಂಸ್ಥೆಯೂ ಇದೆ.

ಇಂದು ಈ ವಲಯಗಳಿಗೆ ಬರುವ ವೃದ್ಧರಲ್ಲಿ ಬಹುಜನ ಸ್ಥಳವನ್ನು ಆರಿಸಿ ಬಂದವರಲ್ಲ. ಮಗನನ್ನೋ ಮಗಳನ್ನೋ ಹಿಂಬಾಲಿಸಿ ಬಂದವರು. ಮಲೆನಾಡಿನ ಅಡಕೆತೋಟವನ್ನು ಗುತ್ತಿಗೆಗೆ ಕೊಟ್ಟು, ಧಾರವಾಡದ ಮನೆಗೆ ಬೀಗಹಾಕಿ, ಕಂಪೆನಿಯಲ್ಲಿ ದುಡಿಯುವ ಮಗನ ಮನೆಯಲ್ಲಿ ಮೊಮ್ಮಗುವನ್ನು ನೋಡಿಕೊಳ್ಳಲು ಬಂದವರು. ಮೊಮ್ಮಗುವಿನ ಮುಖವನ್ನು ನೋಡಿ ಕಾಡಿಗೆ ಹೋಗೆಂದು ಮನುವು ಹೇಳಿದನು; ಈಗ ಅದೇ ನಿಮಿತ್ತದಿಂದ ನಗರಕ್ಕೆ ಬರುವುದಾಗಿದೆ. ಕಾರ್ಯವಿರುವುದು ಒಳ್ಳೆಯದೇ. ಆದರೆ ಮಗುವು ಶಾಲೆಗೆ ಸೇರಿದ ಮೇಲೆ ಅಜ್ಜಿಗೆ ಹಗಲೆಲ್ಲ ಮಾತಿಗೆ ಯಾರು? ನೆರೆಯವರ ಭಾಷೆ ಒಂದು, ಕಾವಲುಗಾರನ ಭಾಷೆ ಮತ್ತೊಂದು, ಮೊಮ್ಮಗುವೇ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಕನ್ನಡದಲ್ಲಿ ಸುಖದುಃಖ ಹೇಳಿಕೊಳ್ಳುವ ಒಂದು ಮನೆ ಕಾಲ್ನಡಗೆಯ ದೂರದಲ್ಲಿದೆಯೇ ಎಂಬ ಪ್ರಶ್ನೆಯನ್ನು ಆಸ್ಪತ್ರೆಯ ಪ್ರಶ್ನೆಯಷ್ಟೇ ಗಂಭೀರವಾಗಿ ಎಣಿಸತಕ್ಕದ್ದು.

ಸಾಹಿತಿಗಳ ಬಾಳಿನಲ್ಲಿ ಈ ನಿರ್ಣಯದ ಬಗೆಬಗೆಯ ಮಾದರಿಗಳು ಸಿಗುತ್ತವೆ. ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನ ಸೇವೆ ಮುಗಿದ ಮೇಲೆ ಧಾರವಾಡಕ್ಕೆ ಹೋಗಿ ಕಾಲೇಜಿನ ಹೊಣೆ ಹೊತ್ತರು. ೧೯೪೬ರಲ್ಲಿ ಅಲ್ಲಿಯೇ ತೀರಿಕೊಂಡರು. ಮಾಸ್ತಿಯವರು ೧೯೪೩ರಲ್ಲಿ ಕೆಲಸಕ್ಕೆ ರಾಜೀನಾಮೆಯಿತ್ತು ಗವಿಪುರದ ತಮ್ಮ ಮನೆಯಲ್ಲಿ ೧೯೮೬ರ ತನಕ ಇದ್ದರು. ಬೇಂದ್ರೆಯವರು ಸೊಲ್ಲಾಪುರದಲ್ಲಿ ೧೯೪೪ರಿಂದ ೧೯೫೬ರವರೆಗೆ ಅಧ್ಯಾಪಕರಾಗಿದ್ದು ಸಾಧನಕೇರಿಗೆ ಹಿಂದಿರುಗಿದರು. ಕುವೆಂಪುರವರು ೧೯೬೦ರಲ್ಲಿ ವಿರಾಮಹೊಂದಿದ ಮೇಲೆ ಕುಪ್ಪಳಿಗೆ ಹೋಗದೆ ಮೈಸೂರಿನ ಉದಯರವಿಯಲ್ಲಿಯೇ ೧೯೯೪ರವರೆಗೆ ವಾಸವಾಗಿದ್ದರು; ಕವಿಶೈಲಕ್ಕೆ ಬಂದುದು ಅವರ ಪಾರ್ಥಿವಶರೀರ. ಕಾರಂತರು ಪುತ್ತೂರಿನಲ್ಲಿ ಹಲವು ದಶಕ ಕಳೆದು ಮುಪ್ಪಿನಲ್ಲಿ ಹುಟ್ಟೂರು ಕೋಟದ ಹತ್ತಿರದ ಸಾಲಿಗ್ರಾಮದಲ್ಲಿ ನೆಲಸಿದರು. ಹಿಂದಿರುಗಿದವರೂ ಇದ್ದಾರೆ, ಇದ್ದಲ್ಲಿಯೇ ಉಳಿದವರೂ ಇದ್ದಾರೆ. ಕೂಡಿ ನೋಡಿದರೆ ಇವರೆಲ್ಲರೂ ತಮ್ಮ ಬರವಣಿಗೆ ನಡೆಯುವ, ತಮ್ಮನ್ನು ಕಾಣಲು ಎಳೆಯರು ಬರುವ ನೆಲೆಯನ್ನೇ ಹಿಡಿದರು.

ಆಸ್ತಿಯ ವಿಚಾರದಲ್ಲಿ ಇಂದಿನ ಕಾನೂನು ಮನುವಿಗಿಂತ ಎಚ್ಚರದಿಂದಿದೆ. ಎಲ್ಲವನ್ನೂ ಮಗನಿಗೆ ಒಪ್ಪಿಸಿ ಮಧ್ಯಸ್ಥನಾಗಿರೆಂದು ಸ್ಮೃತಿ ಹೇಳಿತು. ಒಪ್ಪಿಸಿದ ಮೇಲೆ ಮಗನು ಅನ್ನ ಹಾಕದಿದ್ದರೆ ಏನೆಂದು ಹೇಳಲಿಲ್ಲ. ೨೦೦೭ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಮಾತಾಪಿತೃಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ೨೩ನೆಯ ಪ್ರಕರಣದಲ್ಲಿ ಈ ಲೋಪವನ್ನು ತುಂಬುತ್ತದೆ. ಪೋಷಿಸಬೇಕೆಂಬ ನಿಬಂಧನೆಯ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವನು ಆ ನಿಬಂಧನೆಗೆ ತಪ್ಪಿದರೆ ದಾನಪತ್ರವನ್ನು ರದ್ದುಪಡಿಸುವ ಅಧಿಕಾರ ನ್ಯಾಯಾಧಿಕರಣಕ್ಕಿದೆ. ಆ ನಿಬಂಧನೆಯನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ಕ್ಷೇಮಕರ. ಸಂಕೋಚದಿಂದ ಬರೆಸದೆ ಬಿಟ್ಟವರು ಕಚೇರಿಗಳನ್ನು ಅಲೆಯಬೇಕಾದೀತು. ನಿರ್ಗತಿಕರಾದ ವೃದ್ಧರಿಗೆ ಜಿಲ್ಲೆಗೊಂದರಂತೆ, ಕಡಮೆಯೆಂದರೆ ೧೫೦ ಜನ ಇರಬಹುದಾದ ವೃದ್ಧಾಶ್ರಮವನ್ನು ರಾಜ್ಯವು ಏರ್ಪಡಿಸಬಹುದೆಂದೂ ಅದೇ ಕಾಯಿದೆ ಹೇಳುತ್ತದೆ. ೨೦೧೧ರ ಜನಗಣತಿಯಂತೆ ೬೦ ವರ್ಷ ಮೀರಿದವರು ದೇಶದಲ್ಲಿ ಸುಮಾರು ೧೦.೩೮ ಕೋಟಿ ಇದ್ದರು.

ಇಷ್ಟು ಹೊತ್ತು ಹೇಳಿದುದೆಲ್ಲ ಆರಿಸಿಕೊಳ್ಳುವ ಶಕ್ತಿಯುಳ್ಳವರ ಮಾತು. ಪೀಣ್ಯದ ವಿಚಾರ ಹಾಗಲ್ಲ. ಪಕ್ಕದ ಜಾಲಹಳ್ಳಿಯಲ್ಲಿ ೧೯೫೦ರ ದಶಕದಲ್ಲಿ ಸರ್ಕಾರಿ ಕಾರ್ಖಾನೆಗಳು ಏಳುವಾಗ ಕೆಲಸಗಾರರಿಗೆ ವಸತಿಗೃಹಗಳನ್ನೂ ಕಟ್ಟಿಸಿದರು. ಕೆಲಸ ಮುಗಿದೊಡನೆ ಆ ಮನೆಯ ಬೀಗದ ಕೈಯನ್ನೂ ಒಪ್ಪಿಸಬೇಕಾಗಿತ್ತು. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ, ಸಿದ್ಧ ಉಡುಪಿನ ಗಿರಣಿಗಳಲ್ಲಿ ದುಡಿಯುವವರಿಗೆ ಆ ವಸತಿಗೃಹವೂ ಇಲ್ಲ. ಗೂಡಿನಂಥ ಕೋಣೆಗೆ ತಿಂಗಳ ಬಾಡಿಗೆ ತೆತ್ತು ಇರುವವರು ಅವರು. ಭವಿಷ್ಯನಿಧಿಗೆ ಸೇರಿದ ಪಿಂಚಣಿಯೋಜನೆಯಲ್ಲಿ ೧೦ ವರ್ಷ ಸೇವೆ ಸಲ್ಲಿಸಿದವರಿಗೆ ೫೮ನೆಯ ವಯಸ್ಸಿನಿಂದ ಪಿಂಚಣಿ ಸಲ್ಲುವುದು. ೨೦೧೪ರಲ್ಲಿ ಅದರ ಕನಿಷ್ಠ ಮೊಬಲಗನ್ನು ತಿಂಗಳಿಗೆ ೧೦೦೦ ರೂಪಾಯಿಯೆಂದು ಗೊತ್ತುಪಡಿಸಿದರು. ಆ ಹಣದಲ್ಲಿ ಪೀಣ್ಯದ ಕೋಣೆಯ ಬಾಡಿಗೆ ಹುಟ್ಟುವುದಿಲ್ಲ. ಆದಕಾರಣ ಇಪ್ಪತ್ತು ಮೂವತ್ತು ವರ್ಷ ಹೊಲಿಗೆಯಂತ್ರದ ಮುಂದೆ ಕುಳಿತ ಹೆಂಗಸು ಕಣ್ಣು ಮಂಜಾದೊಡನೆ ತುಮಕೂರಿನ ಕಡೆಗೋ ರಾಯಚೂರಿನ ಕಡೆಗೋ ತಾನು ಬಿಟ್ಟುಬಂದ ಹಳ್ಳಿಗೆ ಹೊರಡಬೇಕಾಗುತ್ತದೆ. ಅಲ್ಲಿ ಅಣ್ಣತಮ್ಮಂದಿರು ಪಾಲುಮಾಡಿಕೊಂಡು ಉಳಿದ ಮನೆಯಲ್ಲಿ ಒಂದು ಮೂಲೆ ಸಿಕ್ಕಿದರೆ ಅದೇ ಅವಳ ವಸತಿ. ಆ ಮೂಲೆಗಾಗಿ, ಕೆಲಸದಲ್ಲಿದ್ದಷ್ಟು ಕಾಲವೂ, ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಮಾಳಿಗೆಯ ದುರಸ್ತಿಗೆಂದು ಅವಳು ಹಣ ಕೊಟ್ಟುಬಂದಿರುತ್ತಾಳೆ.